ಮೇಲಿನ ಮನೆಯ ನೀರು, ಕೆಳಗಿನ ಮನೆಯ ಸೀಲಿಂಗ್: ಕಾಸರಗೋಡಿನ ಒಂದು ಬಾಡಿಗೆ ಪ್ರಕರಣ

ಓಣಂ ರಜೆಯ ನಾಲ್ಕನೆಯ ದಿನ, ಬೆಳಗ್ಗೆ 11 ಗಂಟೆ. ಕಾಸರಗೋಡಿನ ವಿದ್ಯಾನಗರದ ಒಂದು ಫ್ಲಾಟ್ ಕಟ್ಟಡದಲ್ಲಿ ಮೇಲಿನ ಟ್ಯಾಂಕು ಖಾಲಿಯಾಯಿತು. ಕಾವಲುಗಾರ ಟೆರೇಸಿಗೆ ಹತ್ತುವಷ್ಟರಲ್ಲಿ ಎರಡನೆಯ ಮಹಡಿಯ ಮನೆಯಿಂದ ಕೂಗು ಕೇಳಿತು. ಹಾಲಿನ ಜಿಪ್ಸಂ ಸೀಲಿಂಗ್ ಹೊಟ್ಟೆ ಬಿಟ್ಟು ಜೋತಿತ್ತು, ಲೈಟಿನ ತೂತುಗಳಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮೇಲೆ ಮೂರನೆಯ ಮಹಡಿಯ ಬಾಡಿಗೆ ಮನೆಗೆ ಬೀಗ. ಅಲ್ಲಿರುವ ಕನ್ನಡ ಅಧ್ಯಾಪಕಿ ರಜೆಗೆ ಊರಿಗೆ ಹೋಗಿದ್ದರು. ಮನೆಯ ಧನಿ ಗಲ್ಫಿನಲ್ಲಿ. ಇಲ್ಲಿಯ ವ್ಯವಹಾರ ನೋಡಿಕೊಳ್ಳುವುದು ಮುಖ್ತಿಯಾರುನಾಮೆ (ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಪಡೆದ ಅವರ ಬಾವ.

ಈ ಭಾಗದ ಫ್ಲಾಟುಗಳಲ್ಲಿ ಮತ್ತೆ ಮತ್ತೆ ಏಳುವ ತಕರಾರುಗಳನ್ನು ಒಂದೇ ಮನೆಗೆ ಜೋಡಿಸಿ ಬರೆದ ಪ್ರಕರಣ ಇದು. ಯಾವುದೇ ಒಂದು ಕುಟುಂಬದ ಕತೆ ಅಲ್ಲ. ಮೊತ್ತಗಳೂ ಲೆಕ್ಕ ಹಾಕುವ ಕ್ರಮ ತೋರಿಸಲು ಇಟ್ಟವು. ಅಳತೆ, ಪರೀಕ್ಷೆ, ಕಾನೂನು ಇದ್ದ ಹಾಗೆಯೇ ಇವೆ.

ಮೊದಲ ಒಂದು ಗಂಟೆ

ಕಾವಲುಗಾರ ಮಾಡಿದ ಒಳ್ಳೆಯ ಕೆಲಸ, ಬೀಗ ಒಡೆಯುವ ಚರ್ಚೆಗೆ ಕೂರದೆ ಟೆರೇಸಿನಲ್ಲಿ ಆ ಸಾಲಿಗೆ ಇಳಿಯುವ ಪೈಪಿನ ಗೇಟ್ ವಾಲ್ವ್ ಮುಚ್ಚಿದ್ದು. ಅದೇ ಹೊತ್ತಿಗೆ ಕೆಳಗಿನ ಮನೆಯವರು ಹಾಲಿನ ಎಂಸಿಬಿ (ಕರೆಂಟು ಕಡಿಯುವ ಸ್ವಿಚ್ಚು) ಇಳಿಸಿದರು. ಜೋತುಬಿದ್ದ ಜಿಪ್ಸಂ ಹಲಗೆಯನ್ನು ಮಾತ್ರ ಹಾಗೇ ಬಿಟ್ಟರು. ಅಲ್ಲಿ ತಪ್ಪಾಯಿತು. ಕರೆಂಟು ತೆಗೆದ ಮೇಲೆ, ಕೆಳಗೆ ಬಕೆಟ್ ಇಟ್ಟು, ಹೊಟ್ಟೆಯ ಅತಿ ತಗ್ಗಿನ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಒಂದು ತೂತು ಮಾಡಿದರೆ ನೀರು ಒಂದೇ ಕಡೆ ಇಳಿದುಹೋಗುತ್ತದೆ. ತೂತು ಮಾಡದ ಕಾರಣ ನೀರು ಹಲಗೆಯ ಮೇಲೆ ಹರಡಿ, ಎರಡು ಹಲಗೆ ಹೋಗುವಲ್ಲಿ ನಾಲ್ಕು ಹೋದವು.

ಸಂಜೆ ಟೀಚರ್ ಬಂದು ಬಾಗಿಲು ತೆರೆದಾಗ ಕಾರಣ ಕಣ್ಣೆದುರಿಗೇ ಇತ್ತು. ಬಾತ್‌ರೂಮಿನಲ್ಲಿ ಇಟ್ಟ ವಾಶಿಂಗ್ ಮೆಷಿನ್ನಿನ ನೀರಿನ ಪೈಪು ನಲ್ಲಿಯಿಂದ ಕಳಚಿ ನೆಲದಲ್ಲಿ ಬಿದ್ದಿತ್ತು. ನಲ್ಲಿ ಪೂರ್ತಿ ತೆರೆದಿತ್ತು. ಮೆಷಿನ್ ಅವರದ್ದು, ಪೈಪು ಅವರು ತಂದದ್ದು, ಸಾಮಾನ್ಯ ನಲ್ಲಿಯ ಮೂತಿಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸುವ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿಸಿದ್ದೂ ಅವರೇ. ಮೆಷಿನ್ ತಿರುಗುವ ಅದುರಿಗೆ ಆ ಸ್ಕ್ರೂಗಳು ತಿಂಗಳುಗಳಲ್ಲಿ ಸಡಿಲವಾಗುತ್ತವೆ. ಮುಕ್ಕಾಲು ಇಂಚಿನ ಮರೆ (ತಿರುಪಿನ ಗೆರೆ) ಇರುವ ವಾಶಿಂಗ್ ಮೆಷಿನ್ ನಲ್ಲಿಯನ್ನೇ ಹಾಕಿದ್ದರೆ ಪೈಪಿನ ನಟ್ಟು ನೇರವಾಗಿ ತಿರುಚಿ ಕೂರುತ್ತಿತ್ತು. ಊರಿಗೆ ಹೋಗುವಾಗ ನಲ್ಲಿ ಮುಚ್ಚಿದ್ದರೂ ಸಾಕಿತ್ತು.

ಧನಿಯ ಬಾವ ಫೋನಿನಲ್ಲಿ ಅಂದರು: "ಟೀಚರೇ, ಇನ್ನು ಮಾತಾಡ್ಲಿಕ್ಕೆ ಏನುಂಟು? ಎಲ್ಲ ನಿಮ್ಮ ಲೆಕ್ಕಕ್ಕೇ." ಮರುದಿನ ಕೆಳಗಿನ ಮನೆಯವರು 1,12,000 ರೂಪಾಯಿಯ ಪಟ್ಟಿ ಕಳಿಸಿದರು. ಬಾತ್‌ರೂಮಿನ ಸೀಲಿಂಗಿಗೆ ಗಾರೆ ಮತ್ತು ಬಣ್ಣ 14,000, ಹಾಲಿನ ಜಿಪ್ಸಂ ಸೀಲಿಂಗ್ ಪೂರ್ತಿ ಹೊಸತು 38,000, ಲೈಟು ಮತ್ತು ವಯರಿಂಗ್ 9,000, ವಾರ್ಡ್‌ರೋಬ್ 36,000, ಹಾಸಿಗೆ 15,000. ಟೀಚರ್ ಕೊಟ್ಟ ಮುಂಗಡ 50,000 ರೂ. ಅದನ್ನು ಮುಟ್ಟುಗೋಲು ಹಾಕಿ, ಉಳಿದದ್ದನ್ನೂ ಅವರೇ ಕೊಡಬೇಕು ಎಂಬುದು ಬಾವನ ನಿಲುವು.

ಕಲೆ ಓದುವುದು

ಇಂಥ ಕಡೆ ಸೀಲಿಂಗಿನ ಕಲೆಗಳನ್ನು ಗಮನ ಕೊಟ್ಟು ನೋಡದೆ ಮಾತು ಮುಂದುವರಿಸಬಾರದು. ಹಾಲಿನ ಕಲೆಗೆ ಒಂದೇ ಅಗಲ ಅಂಚು, ಒಳಗೆಲ್ಲ ಒಂದೇ ಬಣ್ಣ. ಒಮ್ಮೆ ಬಂದು ಹೋದ ನೀರಿನ ಗುರುತು ಅದು. ಬಾತ್‌ರೂಮಿನ ಸೀಲಿಂಗಿನಲ್ಲಿ ಕಂಡದ್ದು ಬೇರೆ: ಒಂದರೊಳಗೊಂದು ನಾಲ್ಕೈದು ಕಂದು ಬಳೆಗಳು, ಗಾರೆಯ ಮೇಲೆ ಹೊಟ್ಟಿನಂತೆ ಎದ್ದ ಬಿಳಿ ಉಪ್ಪು, ಒಂದು ಕಡೆ ಕಬ್ಬಿಣದ ತುಕ್ಕಿನ ಗೆರೆ. ನೆನೆದು ಒಣಗಿ, ಮತ್ತೆ ನೆನೆದು ಒಣಗಿದಾಗ ಮಾತ್ರ ಬಳೆಗಳು ಮೂಡುತ್ತವೆ. ಕಾಂಕ್ರೀಟಿನೊಳಗಿನ ಸರಳಿನ ತುಕ್ಕು ಗಾರೆ ದಾಟಿ ಹೊರಬರಲು ಒಂದು ರಾತ್ರಿ ಸಾಲದು, ತಿಂಗಳುಗಳು ಬೇಕು. ವಾರ್ಡ್‌ರೋಬ್ ಇದ್ದದ್ದು ಬಾತ್‌ರೂಮಿನ ಪಕ್ಕದ ಗೋಡೆಗೆ ಒತ್ತಿ. ಅದರ ಹಿಂದಿನ ಹಲಗೆಯಲ್ಲಿ ಕಪ್ಪು ಬೂಷ್ಟು ದಪ್ಪಕ್ಕೆ ಕೂತಿತ್ತು, ಬುಡದ ಹಲಗೆ ಮಾತ್ರ ಗಟ್ಟಿಯಾಗಿತ್ತು. ನೆಲದಲ್ಲಿ ನಿಂತ ನೀರು ಬುಡ ಉಬ್ಬಿಸುತ್ತದೆ. ಗೋಡೆಯ ಪಸೆ ಬೆನ್ನು ಕೊಳೆಸುತ್ತದೆ.

ಅಂದರೆ ಆ ಮನೆಗೆ ಇಳಿದದ್ದು ಎರಡು ಬೇರೆ ನೀರು. ಒಂದು ಓಣಂ ರಜೆಯದ್ದು. ಇನ್ನೊಂದು ಅದಕ್ಕೂ ಎಷ್ಟೋ ಮೊದಲಿನದ್ದು.

ಎರಡು ಕಾಗದಗಳು ಇದಕ್ಕೆ ಒತ್ತು ಕೊಟ್ಟವು. ಫ್ಲಾಟಿನವರ ಸಂಘದ ದೂರು ಪುಸ್ತಕದಲ್ಲಿ, ಜುಲೈ ತಿಂಗಳಲ್ಲಿ, ಕೆಳಗಿನ ಮನೆಯವರೇ ತಮ್ಮ ಕೈಯಿಂದ "ಬಾತ್‌ರೂಮಿನ ಮೇಲಿನಿಂದ ಪಸೆ" ಎಂದು ಬರೆದಿದ್ದರು. ಅದಕ್ಕೂ ಮೊದಲು, ಜೂನ್ 19ರಂದು, ಟೀಚರ್ ಧನಿಗೆ ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ: ಬಾತ್‌ರೂಮಿನ ನೀರು ಇಳಿಯುವುದು ಬಹಳ ನಿಧಾನ, ಜಾಲರಿಯ ಪಕ್ಕದ ಎರಡು ಟೈಲ್ಸು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಜೊತೆಗೆ ಎರಡು ಫೋಟೋ. ಉತ್ತರ: "ಮಳೆ ಬಿಡ್ಲಿ ಟೀಚರೇ, ಆಮೇಲೆ ನೋಡುವ." ಆ ಸಂದೇಶ ಇಲ್ಲದೇ ಹೋಗಿದ್ದರೆ ಟೀಚರ ವಾದ ಅರ್ಧಕ್ಕರ್ಧ ಕುಸಿಯುತ್ತಿತ್ತು. ಫೋನಿನಲ್ಲಿ ಹೇಳಿದ ಮಾತಿಗೆ ತಾರೀಕು ಇರುವುದಿಲ್ಲ.

ಪರೀಕ್ಷೆ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಈ ಕರಾವಳಿಯಲ್ಲಿ ಗೋಡೆಯ ಪಸೆಗೆ ಎಲ್ಲರೂ ಮಳೆಯನ್ನೇ ದೂರುತ್ತಾರೆ. ಪಡುವಣ ಗೋಡೆಯಲ್ಲಿ ಅದು ಎಷ್ಟೋ ಸಲ ನಿಜವೂ ಹೌದು. ಈ ಬಾತ್‌ರೂಮು ಪೈಪುಗಳು ಇಳಿಯುವ, ಕಟ್ಟಡದ ನಡುವಿನ ಡಕ್ಟಿಗೆ ಹೊಂದಿಕೊಂಡಿತ್ತು, ಮಳೆ ಬಡಿಯುವ ಗೋಡೆ ಅದಕ್ಕೆ ಇಲ್ಲ. ಹಾಗಾಗಿ ಉಳಿದದ್ದು ಮೂರು ಸಾಧ್ಯತೆ: ನೀರು ಬರುವ ಪೈಪು, ನೀರು ಹೋಗುವ ಪೈಪು, ನೆಲ.

ಬರುವ ಪೈಪಿನ ಪರೀಕ್ಷೆ ಸುಲಭ. ಮನೆಯ ಮುಖ್ಯ ವಾಲ್ವ್ ಮುಚ್ಚಿ, ಒಂದು ನಲ್ಲಿಯ ಜಾಗದಲ್ಲಿ ಕೈಪಂಪು ಮತ್ತು ಒತ್ತಡದ ಮೀಟರ್ ಕೂರಿಸಿ 3 ಕಿಲೋ (ಚದರ ಸೆಂಟಿಮೀಟರಿಗೆ) ಒತ್ತಡ ಏರಿಸಿದರು. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಕಿಲೋ ಒತ್ತಡ. ಇಲ್ಲಿ ಟ್ಯಾಂಕು ಆ ನಲ್ಲಿಯಿಂದ ಏಳು ಮೀಟರ್ ಮೇಲೆ, ಅಂದರೆ ದಿನನಿತ್ಯದ ಒತ್ತಡ 0.7 ಕಿಲೋ. ಅದರ ನಾಲ್ಕು ಪಟ್ಟು ಒತ್ತಡದಲ್ಲಿ ಅರ್ಧ ಗಂಟೆ ಮುಳ್ಳು ಕದಲಲಿಲ್ಲ. ಪೈಪು ಸರಿಯಿದೆ.

ನೆಲದ ಪರೀಕ್ಷೆಗೆ ನೀರು ಹೋಗುವ ಟ್ರ್ಯಾಪನ್ನು (ಜಾಲರಿಯ ಕೆಳಗಿನ ಬಾಗಿದ ಕೊಳವೆ) ರಬ್ಬರ್ ಪ್ಲಗ್ಗಿನಿಂದ ಮುಚ್ಚಿ, ಬಾಗಿಲ ಹೊಸ್ತಿಲಿಗೆ ತಾತ್ಕಾಲಿಕ ಸಿಮೆಂಟಿನ ಕಟ್ಟೆ ಕಟ್ಟಿ, 25 ಮಿ.ಮೀ. ನೀರು ನಿಲ್ಲಿಸಿ 48 ಗಂಟೆ ಬಿಟ್ಟರು. ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ. ಪಕ್ಕದಲ್ಲೇ ಒಂದು ಅಗಲ ಪಾತ್ರೆಯಲ್ಲೂ ನೀರಿಟ್ಟು ಗೆರೆ ಹಾಕಬೇಕು, ಬಹಳ ಮಂದಿ ಇದನ್ನು ಬಿಡುತ್ತಾರೆ. ಆವಿಯಾಗಿ ಹೋದದ್ದು ಎಷ್ಟು ಎಂದು ಗೊತ್ತಾಗುವುದು ಆ ಪಾತ್ರೆಯಿಂದ. ನೆಲದಲ್ಲಿ 6 ಮಿ.ಮೀ. ಇಳಿದಿತ್ತು, ಪಾತ್ರೆಯಲ್ಲಿ 2. ಉಳಿದ 4 ಮಿ.ಮೀ. ಬಾತ್‌ರೂಮಿನ 3.6 ಚದರ ಮೀಟರಿಗೆ 14 ಲೀಟರಿಗೂ ಹೆಚ್ಚು. ಆ ನೀರು ಟೈಲ್ಸಿನ ಸಂದಿನಿಂದ ಕೆಳಗೆ ಹೋಗಿತ್ತು.

ಆಮೇಲೆ ನೆಲ ಒರೆಸಿ, ಒಣಗಿಸಿ, ಆಲಿಕೆ ಇಟ್ಟು ನೇರವಾಗಿ ಟ್ರ್ಯಾಪಿನೊಳಕ್ಕೆ 15 ಲೀಟರಿನ ಐದು ಬಕೆಟ್ ನೀರು ಹೊಯ್ದರು, ಹಸಿರು ಬಣ್ಣ ಬೆರೆಸಿ. 40 ನಿಮಿಷದಲ್ಲಿ ಕೆಳಗಿನ ಸೀಲಿಂಗಿನಲ್ಲಿ ಹನಿ ಕಾಣಿಸಿತು. ಹನಿಗೆ ಬಣ್ಣ ಇರಲಿಲ್ಲ. "ಬಣ್ಣ ಬರ್ಲಿಲ್ಲ ಅಲ್ವಾ, ಪೈಪು ಸರಿ ಉಂಟು" ಎಂದು ಬಾವ ಹಿಡಿದರು. ಅದು ಸರಿಯಾದ ಓದು ಅಲ್ಲ. ಬಣ್ಣ ಬಂದರೆ ಸಾಕ್ಷಿ. ಬರದಿದ್ದರೆ ಏನೂ ಸಾಬೀತಾಗುವುದಿಲ್ಲ. ಮಧ್ಯದಲ್ಲಿ ಮಣ್ಣು, ಕಲ್ಲುಚೂರು, ಗಾರೆ ಇದ್ದರೆ ಅವು ಬಣ್ಣ ಹೀರುತ್ತವೆ. ಜೊತೆಗೆ, ಮೇಲಿಂದ ಹೊಸ ನೀರು ಬಂದಾಗ ಮೊದಲು ಕೆಳಗೆ ತಳ್ಳಲ್ಪಡುವುದು ಅಲ್ಲಿ ಮೊದಲೇ ನಿಂತಿದ್ದ ಹಳೆಯ ನೀರು.

ನಿಂತ ನೀರು ಎಷ್ಟಿರಬಹುದು? ಬಾತ್‌ರೂಮಿನ ತಳದ ಸ್ಲ್ಯಾಬನ್ನು 30 ಸೆಂ.ಮೀ. ತಗ್ಗಿಸಿ, ಆ ತಗ್ಗಿನಲ್ಲಿ ಪೈಪು ಮಲಗಿಸಿ, ಮೇಲೆ ಕೆಂಪುಕಲ್ಲಿನ ಚೂರು ತುಂಬಿ ಟೈಲ್ಸು ಹಾಕಿದ್ದರು. 2.4 ಮೀಟರ್ ಉದ್ದ, 1.5 ಮೀಟರ್ ಅಗಲದ ಆ ತೊಟ್ಟಿಯ ಗಾತ್ರ ಸಾವಿರ ಲೀಟರಿಗೂ ತುಸು ಹೆಚ್ಚು. ತುಂಬಿದ ಚೂರಿನ ನಡುವೆ ನೂರಕ್ಕೆ ಮೂವತ್ತು ಖಾಲಿ ಜಾಗ ಹಿಡಿದರೂ 300 ಲೀಟರ್ ನೀರು ಕಣ್ಣಿಗೆ ಬೀಳದೆ ಕೂರಬಹುದು. ಬಾತ್‌ರೂಮು ಬಳಸುವುದನ್ನು ನಿಲ್ಲಿಸಿದ ಮೇಲೂ ಆರು ದಿನ ಕೆಳಗೆ ಹನಿ ಬಿದ್ದದ್ದು ಇದರಿಂದ.

ನೆಲ ಅಗೆದಾಗ ಎಲ್ಲ ಬಯಲಿಗೆ ಬಂತು. ಟ್ರ್ಯಾಪಿಗೂ ಪಿವಿಸಿ ಪೈಪಿಗೂ ನಡುವಿನ ಜೋಡಣೆಗೆ ಸಾಲ್ವೆಂಟ್ ಸಿಮೆಂಟ್ ಎಂಬ ಅಂಟು ಹಚ್ಚಿರಲೇ ಇಲ್ಲ, ಬರೀ ತುರುಕಿದ್ದರು. ತಗ್ಗಿನಲ್ಲಿ ಸೇರಿದ ನೀರನ್ನು ಡಕ್ಟಿಗೆ ಬಿಡುವ ಸಣ್ಣ ಪೈಪು ಇರಲಿಲ್ಲ. ಟ್ರ್ಯಾಪಿನ ಬಾಗಿನಲ್ಲಿ ಕಟ್ಟುವ ಕಾಲದಲ್ಲೇ ಬಿದ್ದ ಗಾರೆಯ ಉಂಡೆ ಕಲ್ಲಾಗಿ ಕೂತಿತ್ತು.

ಗಾರೆಯ ಉಂಡೆ ಬದಲಿಸಿದ ಲೆಕ್ಕ

ಅಗೆಯುವ ಮೊದಲೇ ಒಂದು ಸಣ್ಣ ಅಳತೆ ಮಾಡಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೆಷಿನ್ನಿನ ನಲ್ಲಿಯನ್ನು ಪೂರ್ತಿ ತೆರೆದರೆ 15 ಲೀಟರಿನ ಬಕೆಟ್ 1 ನಿಮಿಷ 20 ಸೆಕೆಂಡಿನಲ್ಲಿ ತುಂಬುತ್ತದೆ, ಅಂದರೆ ನಿಮಿಷಕ್ಕೆ ಸುಮಾರು 11 ಲೀಟರ್. ಅದೇ ಬಕೆಟಿನ ನೀರು ಟ್ರ್ಯಾಪಿನಲ್ಲಿ ಇಳಿದುಹೋಗಲು 4 ನಿಮಿಷ 10 ಸೆಕೆಂಡು ಬೇಕಾಯಿತು: ನಿಮಿಷಕ್ಕೆ 3.6 ಲೀಟರ್. ಉಳಿದ ಏಳೂವರೆ ಲೀಟರ್ ನಿಮಿಷ ನಿಮಿಷಕ್ಕೂ ನೆಲದಲ್ಲಿ ಏರುತ್ತದೆ. ಬಾತ್‌ರೂಮಿನ ನೆಲ ಹೊರಗಿನದಕ್ಕಿಂತ 20 ಮಿ.ಮೀ. ತಗ್ಗು, ಅದು ತುಂಬಲು 72 ಲೀಟರ್ ಸಾಕು. ಹತ್ತು ನಿಮಿಷದೊಳಗೆ ನೀರು ಹೊಸ್ತಿಲು ದಾಟಿ ಹಾಲಿನ ಕಡೆ ಹೊರಟಿರುತ್ತದೆ. ಟ್ರ್ಯಾಪು ಸರಿಯಾಗಿದ್ದಿದ್ದರೆ ಕಳಚಿದ ಪೈಪಿನ ನೀರೆಲ್ಲ ಚರಂಡಿಗೆ ಹೋಗುತ್ತಿತ್ತು. ನೀರು ದಂಡವಾಗುತ್ತಿತ್ತು, ಕೆಳಗಿನ ಹಾಲು ಉಳಿಯುತ್ತಿತ್ತು.

ಟ್ರ್ಯಾಪಿನಲ್ಲಿ ಕೂದಲು, ಸೋಪಿನ ಜಿಡ್ಡು ಕಟ್ಟಿದ್ದರೆ ಅದನ್ನು ತೆಗೆಯುವುದು ವಾಸವಿರುವವರ ಕೆಲಸ, ಆಗ ಈ ವಾದ ನಿಲ್ಲುತ್ತಿರಲಿಲ್ಲ. ಗಾರೆಯ ಉಂಡೆ ಬಾಡಿಗೆದಾರರು ಹಾಕಿದ್ದಲ್ಲ, ಜಾಲರಿ ಎತ್ತಿ ತೆಗೆಯಲು ಬರುವಂಥದ್ದೂ ಅಲ್ಲ. ಅದೂ ಅಲ್ಲದೆ ಜೂನಿನಲ್ಲೇ ತಿಳಿಸಿದ್ದ ದೋಷ.

ಕಾನೂನು ಎಲ್ಲಿ ನಿಲ್ಲುತ್ತದೆ

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಇಲ್ಲಿಯ ಬುಡ. ಅದರ ಎಂ ಉಪಖಂಡದ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಕಾಪಾಡಿ ಹಿಂದಿರುಗಿಸಬೇಕು. ಸಹಜ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಆತ ಹೊಣೆಯಲ್ಲ. ಬಾಡಿಗೆದಾರನ ಕೃತ್ಯ ಅಥವಾ ಲೋಪದಿಂದ ದೋಷ ಉಂಟಾಗಿದ್ದರೆ, ಧನಿ ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಅದನ್ನು ಸರಿಪಡಿಸಬೇಕು. ಎಫ್ ಉಪಖಂಡ ಇನ್ನೊಂದು ಮಗ್ಗುಲು: ಧನಿ ತಾನು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸಿನ ನಂತರವೂ ಯೋಗ್ಯ ಕಾಲದೊಳಗೆ ಮಾಡಿಸದಿದ್ದರೆ ಬಾಡಿಗೆದಾರ ಮಾಡಿಸಿ, ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಎರಡೂ ಕಡೆ ನೋಟಿಸು ಎಂಬ ಮಾತು ಇದೆ. ಜೂನ್ 19ರ ಸಂದೇಶಕ್ಕೆ ತೂಕ ಬಂದದ್ದು ಅದರಿಂದಲೇ.

ಆದರೆ ಆ ಕಲಮು ಶುರುವಾಗುವುದೇ, ಬೇರೆ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದರೆ ಎಂದು. ಆದ್ದರಿಂದ ಕರಾರು ಓದಲೇಬೇಕು. ಇವರದ್ದು 11 ತಿಂಗಳ ಕರಾರು, ಮಲಯಾಳದಲ್ಲಿ ಟೈಪು ಮಾಡಿದ್ದು. ಟೀಚರಿಗೆ ಮಲಯಾಳ ಮಾತು ಬರುತ್ತದೆ, ಓದು ತಡವರಿಸುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡಿಗರಲ್ಲಿ ಎಷ್ಟೋ ಮಂದಿಯ ಸ್ಥಿತಿ ಹೀಗೆಯೇ. ಓದಲಾಗಲಿಲ್ಲ ಎಂಬ ಕಾರಣಕ್ಕೆ ಸಹಿ ಮಾಡಿದ ಕರಾರು ತಾನಾಗಿ ಬಿದ್ದುಹೋಗುವುದಿಲ್ಲ. ಸಹಿಗೆ ಮುಂಚೆ ಕನ್ನಡದಲ್ಲಿ ಒಂದು ಪ್ರತಿ ಬರೆಸಿಕೊಳ್ಳಲು ಅಧೈರ್ಯ ಪಡಬೇಕಾಗಿಲ್ಲ. ಕರಾರಿನ ವಾಕ್ಯ ಹೀಗಿತ್ತು: ನಲ್ಲಿ, ಬಲ್ಬು, ಸ್ವಿಚ್ಚು ಮೊದಲಾದ ಸಣ್ಣಪುಟ್ಟ ದುರಸ್ತಿಗಳನ್ನು ಬಾಡಿಗೆದಾರರೇ ಮಾಡಿಸಿಕೊಳ್ಳತಕ್ಕದ್ದು. "ಮೊದಲಾದ" ಎಂಬಲ್ಲಿ ಬಾತ್‌ರೂಮಿನ ನೆಲವನ್ನೂ ಸೇರಿಸಲು ಬಾವ ನೋಡಿದರು. ನಲ್ಲಿ, ಬಲ್ಬಿನ ಸಾಲಿಗೆ ಸೇರುವುದು ಅದೇ ಜಾತಿಯ ವಸ್ತು: ಕೈಗೆ ಸಿಗುವ, ಬಿಚ್ಚಿ ಬದಲಿಸುವ ವಸ್ತು. ಒಂದಡಿ ಕಲ್ಲುಚೂರಿನ ಕೆಳಗೆ ಹೂತ ಜೋಡಣೆ ಅದರಲ್ಲಿ ಬರುವುದಿಲ್ಲ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಬಂಧದಲ್ಲೂ ವಿಂಗಡಣೆ ಹೀಗೆಯೇ ಇದೆ: ನಲ್ಲಿ ಮತ್ತು ವಾಷರ್ ಬದಲಿಸುವುದು, ಚರಂಡಿ ಶುಚಿ ಮಾಡುವುದು ಬಾಡಿಗೆದಾರರಿಗೆ, ಕಟ್ಟಡದ ರಚನೆಯ ದುರಸ್ತಿ, ಪೈಪು ಬದಲಿಸುವುದು ಮಾಲಕರಿಗೆ. ಮಾದರಿ ಕಾಯ್ದೆ ತಾನಾಗಿ ಯಾವ ರಾಜ್ಯದಲ್ಲೂ ಜಾರಿಯಾಗದು, ಆದರೆ ಮಾತುಕತೆಯ ಮೇಜಿನಲ್ಲಿ ಒಳ್ಳೆಯ ಅಳತೆಗೋಲು.

ಕೆಳಗಿನ ಮನೆಯವರಿಗೂ ಟೀಚರಿಗೂ ನಡುವೆ ಕರಾರು ಇಲ್ಲ. ಅವರು ಟೀಚರನ್ನು ಕೇಳಬಹುದಾದದ್ದು ಅಜಾಗರೂಕತೆಯಿಂದ ಆದ ನಷ್ಟವನ್ನು ಮಾತ್ರ. ನೆಲದೊಳಗಿನ ದೋಷಕ್ಕೆ ಅವರು ಧನಿಯನ್ನೇ ಕೇಳಬೇಕು.

ಮಾತು ಬಿಸಿಯಾದಾಗ ಬಾವ ನೀರಿನ ಲೈನು ಮುಚ್ಚಿಸುತ್ತೇನೆ ಎಂದದ್ದೂ ಉಂಟು. ಕೇರಳದ 1965ರ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಕಡೆ, ಬಾಡಿಗೆದಾರ ಅನುಭವಿಸುತ್ತಿರುವ ಸೌಲಭ್ಯವನ್ನು ಸಕಾರಣವಿಲ್ಲದೆ ಕಡಿತಗೊಳಿಸುವುದನ್ನು ಅದರ 13ನೆಯ ಕಲಮು ತಡೆಯುತ್ತದೆ. ಸಂಘದ ಕಾರ್ಯದರ್ಶಿ ಅದನ್ನು ಓದಿ ಹೇಳಿದ ಮೇಲೆ ಆ ಮಾತು ಮತ್ತೆ ಬರಲಿಲ್ಲ.

ಯಾರಿಗೆ ಎಷ್ಟು

ಪಟ್ಟಿಯ ಒಂದೊಂದು ಸಾಲಿಗೂ ಎರಡು ಪ್ರಶ್ನೆ: ಇದು ಯಾವ ನೀರಿನಿಂದ ಆಯಿತು? ಹಾಳಾದ ವಸ್ತು ಎಷ್ಟು ಹಳೆಯದು? ನಷ್ಟಪರಿಹಾರ ಎಂದರೆ ಹಳೆಯದಕ್ಕೆ ಬದಲು ಹೊಸದು ಅಲ್ಲ.

ಬಾತ್‌ರೂಮಿನ ಸೀಲಿಂಗ್ 14,000 ಪೂರ್ತಿ ಧನಿಗೆ. ವಾರ್ಡ್‌ರೋಬಿಗೆ ಒಂಬತ್ತು ವರ್ಷ. ಬಡಗಿ ನೋಡಿ, ಬೆನ್ನಿನ ಹಲಗೆ ಮತ್ತು ಒಂದು ಬಾಗಿಲು ಬದಲಿಸಿದರೆ 8,500ಕ್ಕೆ ಮುಗಿಯುತ್ತದೆ ಎಂದರು. ಬೂಷ್ಟು ಹಳೆಯ ಪಸೆಯದ್ದು, ಅದೂ ಧನಿಗೆ. ಹಾಲಿನಲ್ಲಿ ಹಾಳಾದದ್ದು 180 ಚದರಡಿಯಲ್ಲಿ 70. ಹಲಗೆಗೆ ಚದರಡಿಗೆ 110ರಂತೆ 7,700. ತೇಪೆ ಹಾಕಿದಲ್ಲಿ ಬಣ್ಣ ಹೊಂದದ ಕಾರಣ ಬಣ್ಣ ಮಾತ್ರ ಪೂರ್ತಿ ಹಾಲಿಗೆ, ಚದರಡಿಗೆ 20ರಂತೆ 3,600. ಹನ್ನೆರಡು ಲೈಟುಗಳಲ್ಲಿ ಕೆಟ್ಟದ್ದು ನಾಲ್ಕು: 650ರಂತೆ 2,600, ಇಲೆಕ್ಟ್ರಿಷಿಯನ್ನಿಗೆ 900. ಏಳು ವರ್ಷದ ಹಾಸಿಗೆಗೆ 3,000 ಎಂದು ಒಪ್ಪಿದರು. ಓಣಂ ದಿನದ ನೀರಿನ ನಷ್ಟ ಹೀಗೆ 17,800.

ಅದರ ಮುಕ್ಕಾಲು, 13,350 ರೂ., ಟೀಚರಿಗೆ, ಕಾಲು ಪಾಲು, 4,450 ರೂ., ಗಾರೆ ಕಟ್ಟಿದ ಟ್ರ್ಯಾಪಿನ ಕಾರಣಕ್ಕೆ ಧನಿಗೆ. ಧನಿಯ ಒಟ್ಟು 26,950. ಕೆಳಗಿನ ಮನೆಗೆ ಸಿಕ್ಕಿದ್ದು 40,300. ಮುಂಗಡಕ್ಕೆ ಕೈ ಹಾಕದೆ ಟೀಚರ್ ತಮ್ಮ ಪಾಲನ್ನು ನೇರವಾಗಿ ಕೆಳಗಿನ ಮನೆಯ ಖಾತೆಗೆ ಕಳಿಸಿದರು, ಹಾಗೆ ಮಾಡಿದ್ದು ಒಳ್ಳೆಯದಾಯಿತು. ಮುಂಗಡದಲ್ಲಿ ಮುರಿದುಕೊಳ್ಳಲು ಬಿಟ್ಟಿದ್ದರೆ ಮನೆ ಬಿಡುವ ದಿನ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಕಾಲು ಪಾಲು ಏಕೆ, ಅರ್ಧ ಏಕಲ್ಲ ಎಂದು ಟೀಚರ ಕಡೆಯವರು ಕೇಳಿದರು. ನಮ್ಮ ಅಭಿಪ್ರಾಯದಲ್ಲಿ ಕಾಲು ಸರಿ. ತೆರೆದಿಟ್ಟ ನಲ್ಲಿ ಇಲ್ಲದೆ ಆ ದಿನದ ನೀರೇ ಇಲ್ಲ. ಟ್ರ್ಯಾಪು ಆ ನೀರಿಗೆ ದಾರಿ ಮುಚ್ಚಿತು ಅಷ್ಟೆ. ಕಳಚಿದ್ದು ಧನಿ ಕೊಟ್ಟ ಪೈಪು ಆಗಿದ್ದರೆ ಲೆಕ್ಕ ತಿರುಗುತ್ತಿತ್ತು. ಕೆಂಪುಕಲ್ಲಿನ ನೆಲದ ಬಾವಿ, ಬೋರಿನ ನೀರು ಹೆಚ್ಚಾಗಿ ತುಸು ಆಮ್ಲೀಯ. ಹಿತ್ತಾಳೆಯ ನಟ್ಟಿನಿಂದ ಸತುವನ್ನು ಕರಗಿಸಿ ಕೆಂಪಗೆ, ಪೊಳ್ಳಾಗಿ ಮಾಡುತ್ತದೆ. ಹೆಲ್ತ್ ಫಾಸೆಟ್ಟಿನ, ವಾಷ್ ಬೇಸಿನ್ನಿನ ಹಳೆಯ ಕನೆಕ್ಷನ್ ಪೈಪು ಒಂದು ರಾತ್ರಿ ತಾನಾಗಿ ಸೀಳಿದರೆ ಅದು ಸಹಜ ಸವೆತ. ನಟ್ಟು ಗುಲಾಬಿ ಬಣ್ಣಕ್ಕೆ ತಿರುಗಿದ್ದು ಕಂಡರೆ ಫೋಟೋ ತೆಗೆದು ತಿಳಿಸಿಬಿಡಬೇಕು.

ಮೂವರೂ ಸಹಿ ಹಾಕಿದ ಒಪ್ಪಂದ ಕನ್ನಡ, ಮಲಯಾಳ ಎರಡರಲ್ಲೂ ಬರೆಯಲಾಯಿತು. ಒಪ್ಪದೇ ಹೋಗಿದ್ದರೆ ಮುಂದಿನ ಮೆಟ್ಟಿಲು ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಗೆ ಮುಂಚಿನ ಅರ್ಜಿ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ, ಮೇಲ್ಮನವಿ ಇಲ್ಲ. ದಾವೆಯೇ ಆದರೆ ಸ್ಥಳ ಪರಿಶೀಲಿಸಿ ವರದಿ ಕೊಡಲು ಕೋರ್ಟಿನ ಕಮಿಷನರನ್ನು ನೇಮಿಸಲು ಕೇಳಬೇಕು, ಅದೂ ನೆಲ ಅಗೆಯುವ ಮೊದಲು. ವಾಟ್ಸಾಪ್ ಸಂದೇಶ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕು, ಹಾಗಾಗಿ ಸಂದೇಶ ಇರುವ ಫೋನನ್ನು ಮಾರುವುದಾಗಲಿ ಅಳಿಸುವುದಾಗಲಿ ಮಾಡಬಾರದು.

ನೆಲ ಮತ್ತೆ ಕಟ್ಟಿದ್ದು

ಕೆಳಗಿನ ಸೀಲಿಂಗಿಗೆ ಇಂಜೆಕ್ಷನ್ ಹೊಡೆದು (ಬಿರುಕಿನೊಳಗೆ ಸೋರಿಕೆ ತಡೆಯುವ ದ್ರವ ಒತ್ತಿ ತುಂಬಿ) ಮುಗಿಸುವ ಎಂದು ಒಬ್ಬ ಗುತ್ತಿಗೆದಾರ ಕಡಿಮೆ ದರ ಹೇಳಿದ್ದ. ಬೇಡ ಎಂದದ್ದು ಸರಿ. ಮೇಲೆ ನೀರು ನಿಲ್ಲದೆ ಕೆಳಗೆ ಮುಚ್ಚಿದರೆ ಅದು ಅಡ್ಡಕ್ಕೆ ಹೋಗಿ ಮುಂದಿನ ಮಳೆಗೆ ಮಲಗುವ ಕೋಣೆಯಲ್ಲಿ ಇಳಿಯುತ್ತದೆ.

ಕಲ್ಲುಚೂರನ್ನೆಲ್ಲ ತೆಗೆದು ಸ್ಲ್ಯಾಬನ್ನು ನಾಲ್ಕು ದಿನ ಒಣಗಲು ಬಿಟ್ಟರು. ತಗ್ಗಿನ ತಳದಿಂದ ಡಕ್ಟಿಗೆ 32 ಮಿ.ಮೀ. ಪೈಪು. ಪೈಪು ಸ್ಲ್ಯಾಬನ್ನು ದಾಟುವ ಕಡೆ ಕುಗ್ಗದ ಗ್ರೌಟು. ಗೋಡೆ ನೆಲ ಕೂಡುವ ಮೂಲೆಗೆಲ್ಲ 50 ಮಿ.ಮೀ. ಗಾರೆಯ ಇಳಿಜಾರು, ಏಕೆಂದರೆ ಚೂಪು ಮೂಲೆಯಲ್ಲಿ ಕೋಟಿಂಗು ಮೊದಲು ಬಿರಿಯುತ್ತದೆ. ಅದರ ಮೇಲೆ ಪಾಲಿಮರ್ ಸಿಮೆಂಟ್ ಕೋಟಿಂಗು ಎರಡು ಕೈ, ಒಂದಕ್ಕೊಂದು ಅಡ್ಡಲಾಗಿ, ಮೂಲೆಗಳಲ್ಲಿ ಫೈಬರ್ ಜಾಲರಿ ಹೂಳಿ, ಗೋಡೆಯಲ್ಲಿ 30 ಸೆಂ.ಮೀ. ಎತ್ತರಕ್ಕೆ, ಶವರ್ ಇರುವ ಗೋಡೆಯಲ್ಲಿ 1.8 ಮೀಟರಿಗೆ. ಆಮೇಲೆ 72 ಗಂಟೆ ನೀರು ನಿಲ್ಲಿಸಿ ನೋಡಿದರು. ಮೇಸ್ತ್ರಿ ಒಂದು ದಿನ ಸಾಕು ಅಂದಿದ್ದ. ಕೆಳಗಿನ ಮನೆಯವರು ಮೂರು ದಿನವೂ ಬೆಳಗ್ಗೆ ಸೀಲಿಂಗಿನ ಫೋಟೋ ತೆಗೆದು ಮೂವರ ಗುಂಪಿಗೆ ಹಾಕಿದರು. ಒಣಗಿಯೇ ಇತ್ತು. ಹಗುರ ತುಂಬು, ಅದರ ಮೇಲೆ ಇನ್ನೊಂದು ಕೋಟಿಂಗು, ಟ್ರ್ಯಾಪಿನ ಕಡೆಗೆ 100ಕ್ಕೆ 1ರ ಇಳಿಜಾರು, ವಾಸನೆ ತಡೆಯಲು 50 ಮಿ.ಮೀ. ನೀರಿನ ಮುಚ್ಚಳ ನಿಲ್ಲುವ ಹೊಸ ಟ್ರ್ಯಾಪು, ಟೈಲ್ಸಿನ ಸಂದಿಗೆ ಎಪಾಕ್ಸಿ. ಹೊಸ ಟ್ರ್ಯಾಪಿನಲ್ಲಿ ಅದೇ 15 ಲೀಟರಿನ ಬಕೆಟ್ ಅರ್ಧ ನಿಮಿಷದೊಳಗೆ ಇಳಿಯಿತು.

ಕೆಳಗಿನ ಬಾತ್‌ರೂಮಿಗೆ ಬಣ್ಣ ಹಚ್ಚಲು ಡಿಸೆಂಬರ್ ತನಕ ಕಾದರು. ಅದಕ್ಕೂ ಮೊದಲು 45 ಸೆಂ.ಮೀ. ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗಿಗೆ ನಾಲ್ಕೂ ಬದಿ ಟೇಪು ಹಾಕಿ ಅಂಟಿಸಿ ಒಂದು ರಾತ್ರಿ ಬಿಟ್ಟು ನೋಡಿದರು. ನವೆಂಬರಿನಲ್ಲಿ ಹಾಳೆಯ ಒಳಗೆ ಬೆವರು ಕಂಡಿತ್ತು, ಡಿಸೆಂಬರ್ ಎರಡನೆಯ ವಾರ ಕಾಣಲಿಲ್ಲ.

ಕರಾರು ನವೀಕರಿಸುವಾಗ ದುರಸ್ತಿಯ ವಾಕ್ಯ ಬದಲಾಯಿತು. ಹೊರಗೆ ಕಾಣುವ ನಲ್ಲಿ, ಕನೆಕ್ಷನ್ ಪೈಪು, ಟ್ರ್ಯಾಪಿನ ಶುಚಿ ಬಾಡಿಗೆದಾರರಿಗೆ. ಗೋಡೆ ಮತ್ತು ನೆಲದೊಳಗಿನದ್ದು ಧನಿಗೆ. ಬರಹದಲ್ಲಿ ತಿಳಿಸಿದ ಸೋರಿಕೆಯನ್ನು ಧನಿ ಏಳು ದಿನದೊಳಗೆ ಬಂದು ನೋಡಬೇಕು. ಎರಡು ದಿನಕ್ಕಿಂತ ಹೆಚ್ಚು ಮನೆ ಮುಚ್ಚುವಾಗ ಬಾಡಿಗೆದಾರರು ಮುಖ್ಯ ವಾಲ್ವ್ ಮುಚ್ಚಿ, ಒಂದು ಬೀಗದ ಕೈ ಸಂಘದ ಕಚೇರಿಯಲ್ಲಿ ಸೀಲು ಹಾಕಿದ ಲಕೋಟೆಯಲ್ಲಿ ಇಡಬೇಕು. ವಾಶಿಂಗ್ ಮೆಷಿನ್ನಿಗೆ ಮುಕ್ಕಾಲು ಇಂಚಿನ ಮರೆಯ ನಲ್ಲಿಯನ್ನು ಧನಿಯೇ ಹಾಕಿಸಿಕೊಟ್ಟರು.